ಸರ್ವರ್ ಕಟ್ಟುವುದು ಬೆಸೆಯುವ ಕೆಲಸ

ವೆಬ್ ಅಪ್ಲಿಕೇಶನ್ ಸರ್ವರ್ ಎಂದರೆ, ಬ್ರೌಸರಿನಿಂದ ಬಂದ ಕೋರಿಕೆಯನ್ನು ಓದಿ, ಅದಕ್ಕೆ ತಕ್ಕ ಪ್ರೋಗ್ರಾಮನ್ನು ಓಡಿಸಿ, ಆ ಪ್ರೋಗ್ರಾಂ ಸಿದ್ಧಪಡಿಸಿದ ಉತ್ತರವನ್ನು ಹಿಂದಕ್ಕೆ ಕಳುಹಿಸುವ ತಂತ್ರಾಂಶ. ಡಿಸ್ಕಿನಲ್ಲಿರುವ ಫೈಲನ್ನು ಇದ್ದ ಹಾಗೇ ಎತ್ತಿಕೊಡುವ ಸಾದಾ ವೆಬ್ ಸರ್ವರಿಗಿಂತ ಇದರ ಹೊಣೆ ಹೆಚ್ಚು. ಸಾವಿರಾರು ಸಂಪರ್ಕಗಳನ್ನು ಒಟ್ಟಿಗೇ ನೋಡಿಕೊಳ್ಳಬೇಕು. ಎಚ್‌ಟಿಟಿಪಿ ನಿಯಮದಂತೆ ಬರುವ ಸಾಲುಗಳನ್ನು ಬಿಡಿಸಿ ಅರ್ಥ ಮಾಡಿಕೊಳ್ಳಬೇಕು. ಗೂಢಲಿಪಿಯಲ್ಲಿ ಬಂದದ್ದನ್ನು ತೆರೆಯಬೇಕು, ಹೋಗುವುದನ್ನು ಮುಚ್ಚಬೇಕು. ಬೇರೆ ಸರ್ವರ್‌ಗಳ ಹೆಸರು ಸಿಕ್ಕರೆ ಅವುಗಳ ಐಪಿ ವಿಳಾಸ ಹುಡುಕಬೇಕು, ಉತ್ತರವನ್ನು ಕುಗ್ಗಿಸಿ ಕಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನಾರೋ ಬರೆದ ಅಪ್ಲಿಕೇಶನ್ ಕೋಡನ್ನು ಓಡಿಸಬಲ್ಲ ಒಂದು ಭಾಷೆಯ ಎಂಜಿನ್ ಅದರ ಒಳಗೇ ಇರಬೇಕು.

ಇವುಗಳಲ್ಲಿ ಒಂದೊಂದೂ ವರ್ಷಗಟ್ಟಲೆ ದುಡಿಮೆ ಬೇಡುವ ವಿಷಯ. ಎಲ್ಲವನ್ನೂ ಸೊನ್ನೆಯಿಂದ ಬರೆಯುತ್ತೇನೆಂದು ಹೊರಟವರಿಗೆ ಮುಗಿಸಲು ಆಯುಷ್ಯ ಸಾಲದು. ಗೂಢಲಿಪಿಯಂಥ ಭಾಗವನ್ನು ಹೊಸದಾಗಿ ಬರೆಯುವುದಂತೂ ಅಪಾಯವನ್ನು ಕರೆದು ಕೂರಿಸಿದಂತೆ. ಹಾಗಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶದ ಅಪ್ಲಿಕೇಶನ್ ಸರ್ವರ್‌ಗಳು ಬಹುಮಟ್ಟಿಗೆ ಆಗಲೇ ಇದ್ದ ಲೈಬ್ರರಿಗಳ ಮೇಲೆ ನಿಂತಿವೆ. ಹಾಗಿದ್ದರೆ ಅವನ್ನು ಕಟ್ಟಿದವರ ಸ್ವಂತ ಕೆಲಸ ಯಾವುದು? 2009ರಲ್ಲಿ ರಯಾನ್ ಡಾಲ್ ಶುರು ಮಾಡಿದ ನೋಡ್.ಜೆಎಸ್‌ನ ಚರಿತ್ರೆಯಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಅದರ ಮುಖ್ಯ ತುಂಡುಗಳೆಲ್ಲ ಬೇರೆ ಕಡೆಯಿಂದ ಬಂದವು. ಮುಂದಿನ ವರ್ಷಗಳಲ್ಲಿ ಕೆಲವನ್ನು ಸದ್ದಿಲ್ಲದೆ ಬದಲಿಸಲಾಯಿತು, ಒಂದನ್ನು ಮಾತ್ರ ಬದಲಿಸಲು ಆಗಲೇ ಇಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದರಲ್ಲೇ ಪಾಠವಿದೆ.

ತುಂಡುಗಳ ಆಯ್ಕೆ

ನೋಡ್ ಹುಟ್ಟುವ ಹೊತ್ತಿಗೆ ಸರ್ವರ್ ಬರೆಯುವವರನ್ನು ಕಾಡುತ್ತಿದ್ದ ಪ್ರಶ್ನೆ ಹಳೆಯದೇ. ಒಂದು ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಸಂಪರ್ಕಗಳನ್ನು ನಿಭಾಯಿಸುವುದು ಹೇಗೆ ಎಂದು ಡ್ಯಾನ್ ಕೆಗೆಲ್ 1999ರಲ್ಲಿ ಬರೆದದ್ದು 'ಸಿ10ಕೆ ಸಮಸ್ಯೆ' ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು. ಪ್ರತಿ ಸಂಪರ್ಕಕ್ಕೂ ಒಂದೊಂದು ಥ್ರೆಡ್ ಕೊಟ್ಟರೆ ಅವುಗಳಲ್ಲಿ ಹೆಚ್ಚಿನವು ಡೇಟಾಬೇಸಿನ ಅಥವಾ ಡಿಸ್ಕಿನ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತ ಮೆಮೊರಿ ತಿನ್ನುತ್ತವೆ. ಇದಕ್ಕೆ ಬದಲಾಗಿ, ಒಂದೇ ಥ್ರೆಡ್ ಒಂದು ಸುತ್ತಿನಲ್ಲಿ ತಿರುಗುತ್ತ, ಯಾವ ಸಂಪರ್ಕದಲ್ಲಿ ಹೊಸದೇನು ಬಂದಿದೆ ಎಂದು ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳಿ, ಬಂದದ್ದನ್ನು ಮಾತ್ರ ಗಮನಿಸಿ ಮುಂದೆ ಸಾಗುವುದು ಇನ್ನೊಂದು ಪದ್ಧತಿ. ಈ ಸುತ್ತಿಗೆ ಇವೆಂಟ್ ಲೂಪ್ ಎಂದು ಹೆಸರು. ಇಗೋರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಇದರ ಬಲವನ್ನು ತೋರಿಸಿಕೊಟ್ಟಿತ್ತು. ಆದರೆ ಎಂಜಿನ್‌ಎಕ್ಸ್‌ನ ಒಳಗೆ ಅಪ್ಲಿಕೇಶನ್ ಬರೆಯಬೇಕೆಂದರೆ ಸಿ ಭಾಷೆಯಲ್ಲಿ ಮಾಡ್ಯೂಲ್ ಬರೆಯಬೇಕಿತ್ತು.

ಡಾಲ್ ಅದಕ್ಕೆ ಮುಂಚೆ ರೂಬಿ ಭಾಷೆಗಾಗಿ ಎಬ್ ಎಂಬ ಸರ್ವರ್ ಬರೆದಿದ್ದರು. ಅವರಿಗೆ ಬೇಕಿದ್ದದ್ದು ಸುಲಭವಾದ ಭಾಷೆಯೊಂದರಲ್ಲಿ, ಎಲ್ಲಿಯೂ ಕಾಯದೆ ಕೆಲಸ ಮಾಡುವ ಸರ್ವರ್. ಬೇರೆ ಭಾಷೆಗಳಲ್ಲಿ ಅಡ್ಡಿಯೊಂದಿತ್ತು: ರೂಬಿ, ಪೈಥಾನ್‌ಗಳ ಜೊತೆ ಬರುವ ಲೈಬ್ರರಿಗಳು ಬಹುತೇಕ ಕಾಯುವಂಥವು. ಫೈಲ್ ಓದು ಎಂದರೆ ಓದಿ ಮುಗಿಯುವವರೆಗೆ ಥ್ರೆಡ್ ನಿಂತುಬಿಡುತ್ತದೆ. ಒಂದೇ ಥ್ರೆಡ್ಡಿನ ಸರ್ವರಿನಲ್ಲಿ ಅಂಥದ್ದೊಂದು ಕರೆ ನುಸುಳಿದರೆ ಎಲ್ಲ ಸಂಪರ್ಕಗಳೂ ನಿಲ್ಲುತ್ತವೆ. ಜಾವಾಸ್ಕ್ರಿಪ್ಟಿಗೆ ಈ ಹೊರೆ ಇರಲಿಲ್ಲ, ಏಕೆಂದರೆ ಫೈಲ್ ತೆರೆಯುವ, ನೆಟ್‌ವರ್ಕ್ ಮುಟ್ಟುವ ಯಾವ ಸೌಲಭ್ಯವೂ ಆ ಭಾಷೆಯಲ್ಲೇ ಇರಲಿಲ್ಲ. ಬ್ರೌಸರಿನಲ್ಲಿ ಬೆಳೆದ ಅದಕ್ಕೆ, ಒಂದು ಘಟನೆ ನಡೆದಾಗ ಕರೆಯಬೇಕಾದ ಫಂಕ್ಷನ್ನನ್ನು ಮೊದಲೇ ಒಪ್ಪಿಸಿಡುವ ರೂಢಿಯೂ ಇತ್ತು. ಲಾರ್ಸ್ ಬಾಕ್ ಮುಂದಾಳುತನದಲ್ಲಿ ಗೂಗಲ್ ಕಟ್ಟಿದ ವಿ8 ಎಂಜಿನ್ 2008ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬ್ರೌಸರಿನ ಜೊತೆ ಮುಕ್ತವಾಗಿ ಹೊರಬಂದಿತು. ಅದು ವೇಗದ್ದಾಗಿತ್ತು, ಬೇರೆ ಪ್ರೋಗ್ರಾಮಿನ ಒಳಗೆ ಕೂರಿಸಲು ಆಗುವಂತೆ ಸಿ++ ಭಾಷೆಯ ಲೈಬ್ರರಿಯಾಗಿಯೂ ಇತ್ತು.

ಹೀಗೆ ವಿ8 ನೋಡ್‌ನ ಮೊದಲ ತುಂಡಾಯಿತು. ಎರಡನೆಯ ತುಂಡು ಇವೆಂಟ್ ಲೂಪ್. ಲಿನಕ್ಸಿನಲ್ಲಿ ಇಪೋಲ್, ಫ್ರೀಬಿಎಸ್‌ಡಿ ಮತ್ತು ಮ್ಯಾಕ್‌ಗಳಲ್ಲಿ ಕೆಕ್ಯೂ ಎಂದು, ಲೂಪಿಗೆ ಸುದ್ದಿ ಕೊಡುವ ಆಪರೇಟಿಂಗ್ ಸಿಸ್ಟಮ್ಮಿನ ಸೌಲಭ್ಯ ಬೇರೆ ಬೇರೆ ರೂಪದಲ್ಲಿದೆ. ಮಾರ್ಕ್ ಲೇಮನ್ ಬರೆದ ಲಿಬ್‌ಇವಿ ಇವುಗಳ ಭೇದವನ್ನು ಮುಚ್ಚಿ ಒಂದೇ ಮುಖ ತೋರಿಸುತ್ತಿತ್ತು. ಆದರೆ ಇಪೋಲ್ ಸಾಕೆಟ್ಟುಗಳಿಗೆ ಒದಗುತ್ತದೆಯೇ ಹೊರತು ಡಿಸ್ಕಿನ ಸಾಮಾನ್ಯ ಫೈಲುಗಳಿಗೆ ಒದಗುವುದಿಲ್ಲ. ಅದಕ್ಕಾಗಿ ಅದೇ ಲೇಖಕರ ಲಿಬ್‌ಇಐಒ ಸೇರಿತು. ಅದು ಕೆಲವು ಥ್ರೆಡ್ಡುಗಳನ್ನು ಬದಿಯಲ್ಲಿಟ್ಟುಕೊಂಡು, ಫೈಲ್ ಕೆಲಸಗಳನ್ನು ಅವುಗಳಿಂದ ಮಾಡಿಸಿ, ಮುಗಿದಾಗ ಲೂಪಿಗೆ ಸುದ್ದಿ ಮುಟ್ಟಿಸುತ್ತದೆ. ನೋಡ್ ಒಂದೇ ಥ್ರೆಡ್ಡಿನದು ಎಂಬ ಮಾತು ಆದ್ದರಿಂದ ಅರ್ಧ ಸತ್ಯ. ಜಾವಾಸ್ಕ್ರಿಪ್ಟ್ ಓಡುವುದು ಒಂದು ಥ್ರೆಡ್ಡಿನಲ್ಲಿ, ಅದರ ಬದಿಯಲ್ಲಿ ಫೈಲ್ ಕೆಲಸಕ್ಕೆ ಈಗಲೂ ಡೀಫಾಲ್ಟ್ ಆಗಿ 4 ಥ್ರೆಡ್ಡುಗಳಿವೆ.

ಮೂರನೆಯದು ಎಚ್‌ಟಿಟಿಪಿ ಪಾರ್ಸರ್. ಇದನ್ನು ಡಾಲ್ ಎಂಜಿನ್‌ಎಕ್ಸ್‌ನ ಪಾರ್ಸರ್ ಕೋಡನ್ನು ಆಧಾರವಾಗಿಟ್ಟುಕೊಂಡು ಪ್ರತ್ಯೇಕ ಸಿ ಲೈಬ್ರರಿಯಾಗಿ ರೂಪಿಸಿದರು. ಹೆಸರು ಎಚ್‌ಟಿಟಿಪಿ-ಪಾರ್ಸರ್. ಅದರ ಶಿಸ್ತು ಗಮನಿಸಬೇಕಾದದ್ದು. ಅದು ನೆಟ್‌ವರ್ಕನ್ನು ತಾನಾಗಿ ಮುಟ್ಟುವುದಿಲ್ಲ, ಮೆಮೊರಿ ಕೇಳುವುದಿಲ್ಲ, ಬಂದ ಡೇಟಾವನ್ನು ಕೂಡಿಡುವುದೂ ಇಲ್ಲ. ಪ್ರತಿ ಸಂಪರ್ಕಕ್ಕೆ ಅದಕ್ಕೆ ಬೇಕಾಗುವ ಜಾಗ ಸುಮಾರು 40 ಬೈಟು. ಕೈಗೆ ಕೊಟ್ಟ ಬೈಟುಗಳನ್ನು ಓದುತ್ತ ಹೋಗಿ, ಇಲ್ಲಿ ವಿಳಾಸ ಸಿಕ್ಕಿತು, ಇಲ್ಲಿ ಹೆಡರ್ ಮುಗಿಯಿತು, ಇದು ಒಡಲಿನ ಭಾಗ ಎಂದು ಹೇಳುವುದಷ್ಟೇ ಅದರ ಕೆಲಸ. ಅರ್ಧ ಸಾಲಿನಲ್ಲಿ ಡೇಟಾ ನಿಂತರೂ ಮುಂದಿನ ತುಂಡು ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇಂಥ ಲೈಬ್ರರಿ ಯಾವ ಸರ್ವರಿಗಾದರೂ ಹೊಂದಿಕೊಳ್ಳುತ್ತದೆ, ಏಕೆಂದರೆ ತನ್ನ ಸುತ್ತಲಿನ ವ್ಯವಸ್ಥೆ ಹೀಗೇ ಇರಬೇಕೆಂಬ ಹಟ ಅದಕ್ಕಿಲ್ಲ.

ಇವುಗಳ ಜೊತೆಗೆ ಗೂಢಲಿಪಿಗೆ ಓಪನ್‌ಎಸ್‌ಎಸ್‌ಎಲ್, ಹೆಸರು ಹುಡುಕಲು ಸಿ-ಏರ್ಸ್, ಕುಗ್ಗಿಸಲು ಜ಼ೆಡ್‌ಲಿಬ್ ಸೇರಿದವು. 2009ರ ನವೆಂಬರಿನಲ್ಲಿ ಬರ್ಲಿನ್ನಿನ ಜೆಎಸ್‌ಕಾನ್ಫ್ ಸಮಾವೇಶದಲ್ಲಿ ಡಾಲ್ ನೋಡ್ ಅನ್ನು ಪರಿಚಯಿಸಿದಾಗ ಆಗಲೇ ಅದರಲ್ಲಿ ಕೆಲವೇ ಸಾಲುಗಳಲ್ಲಿ ಸರ್ವರ್ ಬರೆಯಬಹುದಿತ್ತು. 'ಕ್ರಿಯೇಟ್‌ಸರ್ವರ್' ಎಂಬ ಫಂಕ್ಷನ್ನಿಗೆ ಇನ್ನೊಂದು ಫಂಕ್ಷನ್ ಕೊಟ್ಟರೆ, ಪ್ರತಿ ಕೋರಿಕೆಗೂ ಅದು ಓಡುತ್ತಿತ್ತು.

ಒಂದು ಕೋರಿಕೆ ಸಾಗುವ ದಾರಿ

ಆ ಸಾಲುಗಳ ಹಿಂದೆ ನಡೆಯುವುದೇನೆಂದು ಹಿಂಬಾಲಿಸಿದರೆ ಬೆಸುಗೆ ಎಲ್ಲೆಲ್ಲಿದೆ ಎಂದು ಕಾಣುತ್ತದೆ. ಸಾಕೆಟ್ಟಿಗೆ ಬೈಟುಗಳು ಬಂದಿವೆ ಎಂದು ಕರ್ನಲ್ ಹೇಳುತ್ತದೆ, ಲೂಪ್ ಅವನ್ನು ಓದಿ ತರುತ್ತದೆ. ಸಂಪರ್ಕ ಭದ್ರವಾದದ್ದಾದರೆ ಅವು ಮೊದಲು ಓಪನ್‌ಎಸ್‌ಎಸ್‌ಎಲ್ ಮೂಲಕ ಹಾಯಬೇಕು. ಬಿಟ್ಟರೆ ಓಪನ್‌ಎಸ್‌ಎಸ್‌ಎಲ್ ಸಾಕೆಟ್ಟಿನಿಂದ ತಾನೇ ಓದಿಕೊಳ್ಳಬಲ್ಲದು, ಆದರೆ ಹಾಗೆ ಬಿಟ್ಟರೆ ಲೂಪಿನ ಹಿಡಿತ ತಪ್ಪುತ್ತದೆ. ಆದ್ದರಿಂದ ನೋಡ್ ಅದಕ್ಕೆ ಸಾಕೆಟ್ ಕೊಡದೆ ಮೆಮೊರಿಯ ಒಂದು ತುಂಡನ್ನು ತೋರಿಸುತ್ತದೆ. ಗೂಢಲಿಪಿಯ ಬೈಟುಗಳನ್ನು ಅದರಲ್ಲಿ ಸುರಿದು, ಬಿಡಿಸಿದ ಬೈಟುಗಳನ್ನು ಇನ್ನೊಂದು ಕಡೆಯಿಂದ ತೆಗೆದುಕೊಳ್ಳುತ್ತದೆ. ಅವು ಪಾರ್ಸರಿಗೆ ಹೋಗುತ್ತವೆ. ಹೆಡರುಗಳು ಮುಗಿದವು ಎಂದು ಪಾರ್ಸರ್ ಹೇಳಿದ ಕೂಡಲೇ ಸಿ++ ಕೋಡು ವಿ8ನ ಒಳಗೆ ಒಂದು ಜಾವಾಸ್ಕ್ರಿಪ್ಟ್ ವಸ್ತುವನ್ನು ಸೃಷ್ಟಿಸಿ, ಅಪ್ಲಿಕೇಶನ್ ಕೊಟ್ಟ ಫಂಕ್ಷನ್ನನ್ನು ಕರೆಯುತ್ತದೆ. ಉತ್ತರ ಇದೇ ದಾರಿಯಲ್ಲಿ ಹಿಮ್ಮುಖವಾಗಿ ಸಾಗುತ್ತದೆ.

ಇಲ್ಲಿ ಲೈಬ್ರರಿಗಳಿಗೆ ಪರಸ್ಪರ ಪರಿಚಯವೇ ಇಲ್ಲ. ಪಾರ್ಸರಿಗೆ ವಿ8 ಗೊತ್ತಿಲ್ಲ, ವಿ8ಗೆ ಸಾಕೆಟ್ ಗೊತ್ತಿಲ್ಲ. ಒಂದರ ಭಾಷೆಯನ್ನು ಇನ್ನೊಂದಕ್ಕೆ ತಿಳಿಸುವ ನಡುವಿನ ಕೋಡೇ ನೋಡ್ ತಂಡದ ಸ್ವಂತದ್ದು. ಅದಕ್ಕೆ ಮೂರು ಹೊಣೆಗಳಿವೆ. ಮೊದಲನೆಯದು, ಲೂಪ್ ಒಂದೇ ಇರಬೇಕು ಮತ್ತು ಉಳಿದೆಲ್ಲವೂ ಅದರ ಅಧೀನದಲ್ಲಿರಬೇಕು. ಹೆಸರು ಹುಡುಕುವ ಕೆಲವು ಡಿಎನ್‌ಎಸ್ ಕರೆಗಳು ಇಲ್ಲಿ ತೊಡಕು ತಂದವು. ಆಪರೇಟಿಂಗ್ ಸಿಸ್ಟಮ್ಮಿನ 'ಗೆಟ್‌ಆಡ್‌ಇನ್ಫೊ' ಕರೆ ಉತ್ತರ ಬರುವವರೆಗೆ ಕಾಯುವಂಥದ್ದು. ಅದನ್ನು ಬದಿಯ ಥ್ರೆಡ್ಡುಗಳಿಗೇ ಕಳಿಸಬೇಕಾಯಿತು. ಹಾಗಾಗಿ ಹೆಸರು ಹುಡುಕುವ ಕೆಲಸ ನಿಧಾನವಾದಾಗ ಅದಕ್ಕೆ ಸಂಬಂಧವೇ ಇಲ್ಲದ ಫೈಲ್ ಓದುಗಳೂ ಸರದಿಯಲ್ಲಿ ನಿಲ್ಲುವುದುಂಟು. ಎರಡನೆಯದು, ಮೆಮೊರಿ ಯಾರದ್ದೆಂಬ ಲೆಕ್ಕ. ವಿ8 ತನ್ನ ವಸ್ತುಗಳನ್ನು ಕಸ ಗುಡಿಸುವಾಗ ಜಾಗ ಬದಲಿಸಬಲ್ಲದು, ಆದರೆ ಕರ್ನಲ್ ಬರೆಯುತ್ತಿರುವ ಜಾಗ ಕದಲಬಾರದು. ಅದಕ್ಕೆಂದೇ ವಿ8ನ ಹೀಪಿನ ಹೊರಗೆ ಜಾಗ ಹಿಡಿಯುವ 'ಬಫರ್' ಎಂಬ ಬಗೆಯನ್ನು ನೋಡ್ ರೂಪಿಸಿತು. ಮೂರನೆಯದು, ವೇಗದ ಹೊಂದಾಣಿಕೆ. ಅಪ್ಲಿಕೇಶನ್ ಬರೆಯುವ ವೇಗದಲ್ಲಿ ಮೊಬೈಲ್ ಬಳಕೆದಾರನ ಸಂಪರ್ಕ ಓದಿಕೊಳ್ಳದಿದ್ದರೆ ಉತ್ತರವೆಲ್ಲ ಸರ್ವರಿನ ಮೆಮೊರಿಯಲ್ಲಿ ರಾಶಿ ಬೀಳುತ್ತದೆ. ಈಗ ಸಾಕು, ಖಾಲಿಯಾದ ಮೇಲೆ ಹೇಳುತ್ತೇನೆ ಎಂದು ಅಪ್ಲಿಕೇಶನ್ನಿಗೆ ತಿಳಿಸುವ ಏರ್ಪಾಡನ್ನು ಸ್ಟ್ರೀಮುಗಳ ಮೂಲಕ ಮಾಡಲಾಯಿತು.

ಬೈಟು ಮತ್ತು ಅಕ್ಷರ

ಬೆಸುಗೆ ಬಿರುಕು ಬಿಡುವ ಜಾಗವೊಂದು ಕನ್ನಡದ ಬಳಕೆದಾರರಿಗೆ ನೇರವಾಗಿ ತಟ್ಟುತ್ತದೆ. ನೆಟ್‌ವರ್ಕಿನಲ್ಲಿ ಸಾಗುವುದು ಬೈಟು, ಜಾವಾಸ್ಕ್ರಿಪ್ಟಿನ ಒಳಗಿರುವುದು ಪಠ್ಯ. ಇಂಗ್ಲಿಷ್ ಬರಹದಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟಾದ್ದರಿಂದ ಎರಡರ ಲೆಕ್ಕ ಒಂದೇ ಆಗಿ ತೋರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು. 'ಕನ್ನಡ' ಎಂಬ ಪದದಲ್ಲಿ ಯುನಿಕೋಡ್ ಲೆಕ್ಕಕ್ಕೆ ಐದು ಸಂಕೇತಗಳಿವೆ: ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ. ನೆಟ್‌ವರ್ಕಿನಲ್ಲಿ ಇದು 15 ಬೈಟು. ಉತ್ತರದ ಉದ್ದ ಇಷ್ಟು ಎಂದು ಹೆಡರಿನಲ್ಲಿ ಹೇಳುವಾಗ ಪಠ್ಯದ ಉದ್ದವಾದ 5 ಅನ್ನು ಬರೆದರೆ, ಬ್ರೌಸರಿಗೆ ದಕ್ಕುವುದು 'ಕ' ಮತ್ತು 'ನ'ದ ಮೂರರಲ್ಲಿ ಎರಡು ಬೈಟು ಮಾತ್ರ. ಬೈಟುಗಳ ಲೆಕ್ಕವನ್ನು ಬೇರೆಯಾಗಿ ಕೊಡುವ ಫಂಕ್ಷನ್ ನೋಡ್‌ನಲ್ಲಿರುವುದು ಇದೇ ಕಾರಣಕ್ಕೆ.

ಒಳಬರುವಾಗಲೂ ಇದೇ ತೊಂದರೆ. ಕನ್ನಡದಲ್ಲಿ ತುಂಬಿದ ಅರ್ಜಿಯೊಂದು ತುಂಡುತುಂಡಾಗಿ ಬರುತ್ತದೆ, ತುಂಡು ಎಲ್ಲಿ ಮುರಿಯಬೇಕೆಂದು ನೆಟ್‌ವರ್ಕ್ ಅಕ್ಷರ ನೋಡಿ ತೀರ್ಮಾನಿಸುವುದಿಲ್ಲ. ಪ್ರತಿ ತುಂಡನ್ನೂ ಬಂದ ಹಾಗೇ ಪಠ್ಯವಾಗಿ ಬದಲಿಸಿ ಅಂಟಿಸಿದರೆ, ಗಡಿಯಲ್ಲಿ ಸಿಕ್ಕಿದ ಅಕ್ಷರ ಹಾಳಾಗಿ ಪ್ರಶ್ನಾರ್ಥಕ ಚಿಹ್ನೆಯ ಚೌಕ ಮೂಡುತ್ತದೆ. ಅರೆಬರೆ ಅಕ್ಷರದ ಬೈಟುಗಳನ್ನು ತಡೆಹಿಡಿದು ಮುಂದಿನ ತುಂಡಿಗೆ ಸೇರಿಸುವ 'ಸ್ಟ್ರಿಂಗ್ ಡಿಕೋಡರ್' ಎಂಬ ಪುಟ್ಟ ಭಾಗ ನೋಡ್‌ನಲ್ಲಿದೆ. ಕೆಳಗಿನ ಯಾವ ಲೈಬ್ರರಿಯೂ ಈ ಕೆಲಸ ಮಾಡಿಕೊಡುತ್ತಿರಲಿಲ್ಲ. ಲೂಪಿಗೆ ಅಕ್ಷರದ ಗೊಡವೆಯಿಲ್ಲ, ವಿ8ಗೆ ತುಂಡಿನ ಗೊಡವೆಯಿಲ್ಲ.

ತಾರೀಖು, ಸಂಖ್ಯೆಗಳನ್ನು ಆಯಾ ಭಾಷೆಯ ರೀತಿಯಲ್ಲಿ ಬರೆಯಲು ನೋಡ್ ಬಳಸುವುದು ಐಸಿಯು ಲೈಬ್ರರಿಯನ್ನು. ಅದರ ಪೂರ್ಣ ದತ್ತಾಂಶ ದೊಡ್ಡದೆಂಬ ಕಾರಣಕ್ಕೆ ಮೊದಲು ಇಂಗ್ಲಿಷ್ ಮಾತ್ರ ಒಳಗೊಂಡ ಚಿಕ್ಕ ರೂಪವನ್ನು ಜೋಡಿಸಿ ಕೊಡಲಾಗುತ್ತಿತ್ತು. ಆಗ ತಿಂಗಳ ಹೆಸರನ್ನು ಕನ್ನಡದಲ್ಲಿ ಕೇಳಿದರೆ ದೋಷದ ಸಂದೇಶವೂ ಬರದೆ ಇಂಗ್ಲಿಷಿನಲ್ಲೇ ಉತ್ತರ ಸಿಗುತ್ತಿತ್ತು. 2019ರ ಅಕ್ಟೋಬರಿನಲ್ಲಿ ಬಂದ 13ನೇ ಆವೃತ್ತಿಯಿಂದ ಪೂರ್ಣ ದತ್ತಾಂಶ ಜೊತೆಗೇ ಬರುತ್ತಿದೆ. ಲೈಬ್ರರಿಯೊಂದನ್ನು ಆರಿಸುವುದು ಎಷ್ಟು ಮುಖ್ಯವೋ, ಅದನ್ನು ಎಷ್ಟು ಭಾಗ ಒಳಗೆ ಸೇರಿಸುವುದೆಂಬುದೂ ಅಷ್ಟೇ ಮುಖ್ಯ ಎಂಬುದಕ್ಕೆ ಇದು ಸಾಕ್ಷಿ.

ವಿಂಡೋಸ್ ತಂದ ಮರುವಿನ್ಯಾಸ

ಮೊದಲ ಎರಡು ವರ್ಷ ನೋಡ್ ಯುನಿಕ್ಸ್ ಬಗೆಯ ಸಿಸ್ಟಮ್ಮುಗಳಿಗೆ ಸೀಮಿತವಾಗಿತ್ತು. ವಿಂಡೋಸಿಗೆ ಒಯ್ಯಲು ಹೊರಟಾಗ ತಿಳಿದದ್ದು, ಇದು ಬರಿಯ ಹೆಸರಿನ ಭೇದವಲ್ಲ ಎಂದು. ಇಪೋಲ್ ಮತ್ತು ಕೆಕ್ಯೂಗಳು 'ಈಗ ಓದಬಹುದು' ಎಂದು ಮುಂಚೆ ತಿಳಿಸುತ್ತವೆ. ವಿಂಡೋಸಿನ ಐಒಸಿಪಿಯಾದರೋ ಕೆಲಸವನ್ನು ಮೊದಲೇ ವಹಿಸಿಕೊಂಡು 'ಓದಿ ಮುಗಿಸಿದೆ' ಎಂದು ಆಮೇಲೆ ಹೇಳುತ್ತದೆ. ಲಿಬ್‌ಇವಿಯ ವಿನ್ಯಾಸ ಮೊದಲ ಪದ್ಧತಿಗೆ ಕಟ್ಟುಬಿದ್ದಿತ್ತು. 2011ರಲ್ಲಿ, ನೋಡ್ ಯೋಜನೆಯನ್ನು ಪೋಷಿಸುತ್ತಿದ್ದ ಜಾಯೆಂಟ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳ ಸಹಕಾರದಲ್ಲಿ, ಎರಡೂ ಪದ್ಧತಿಗಳನ್ನು ಮರೆಮಾಡುವ ಲಿಬ್‌ಯುವಿ ಎಂಬ ಹೊಸ ಪದರ ರೂಪುಗೊಂಡಿತು. ಅದು ಹೊರಗೆ ತೋರಿಸುವುದು 'ಮುಗಿಯಿತು' ಎಂಬ ಪದ್ಧತಿಯನ್ನೇ. ಯುನಿಕ್ಸಿನಲ್ಲಿ ಒಳಗೊಳಗೇ ಓದಿ ಮುಗಿಸಿ ಸುದ್ದಿ ಕೊಡುತ್ತದೆ. ಅದೇ ವರ್ಷದ ನವೆಂಬರಿನ 0.6 ಆವೃತ್ತಿ ವಿಂಡೋಸಿನಲ್ಲಿ ನೇರವಾಗಿ ಓಡಿತು.

ಮೊದಮೊದಲು ಲಿಬ್‌ಯುವಿಯ ಒಳಗೆ ಯುನಿಕ್ಸ್ ಭಾಗಕ್ಕೆ ಲಿಬ್‌ಇವಿಯೇ ಇತ್ತು. 2012ರಲ್ಲಿ ಅದನ್ನೂ ತೆಗೆದು ಇಪೋಲ್, ಕೆಕ್ಯೂಗಳನ್ನು ನೇರವಾಗಿ ಬಳಸಲಾಯಿತು. ಸರ್ವರಿನ ಹೃದಯದಂಥ ಭಾಗವೇ ಬದಲಾದರೂ ಅದರ ಮೇಲೆ ಬರೆದ ಅಪ್ಲಿಕೇಶನ್ನುಗಳು ಏನೂ ಬದಲಾಯಿಸಬೇಕಾಗಲಿಲ್ಲ. ಏಕೆಂದರೆ ಅವು ಎಂದೂ ಲಿಬ್‌ಇವಿಯನ್ನು ಮುಟ್ಟಿರಲಿಲ್ಲ, 'ಕ್ರಿಯೇಟ್‌ಸರ್ವರ್' ಅನ್ನಷ್ಟೇ ಕರೆದಿದ್ದವು. ಲಿಬ್‌ಯುವಿ ಮುಂದೆ ಸ್ವತಂತ್ರ ಲೈಬ್ರರಿಯಾಗಿ ಬೆಳೆದು ಜೂಲಿಯಾ ಭಾಷೆ, ನಿಯೋವಿಮ್ ಎಡಿಟರ್, ಡಿಎನ್‌ಎಸ್ ಸರ್ವರಾದ ಬೈಂಡ್ ಇವುಗಳಲ್ಲೂ ನೆಲೆಸಿತು. ಪರರ ಲೈಬ್ರರಿಗಳಿಂದ ಕಟ್ಟಿದ ಸರ್ವರ್ ತಾನೂ ಒಂದನ್ನು ಹಿಂದಕ್ಕೆ ಕೊಟ್ಟಿತು.

ಪಾರ್ಸರಿಗೂ ಇದೇ ಗತಿಯಾಯಿತು. ಎಚ್‌ಟಿಟಿಪಿ-ಪಾರ್ಸರಿನ ಕೈಬರಹದ ಸಿ ಕೋಡು ತಿದ್ದುಪಡಿಗಳು ಸೇರುತ್ತ ಬದಲಿಸಲು ಹೆದರಿಕೆಯಾಗುವ ಸ್ಥಿತಿಗೆ ಬಂದಿತ್ತು. ಫೆಡೋರ್ ಇಂಡುಟ್ನಿ ನಿಯಮಗಳನ್ನು ಟೈಪ್‌ಸ್ಕ್ರಿಪ್ಟಿನಲ್ಲಿ ವಿವರಿಸಿ, ಅದರಿಂದ ಸಿ ಕೋಡನ್ನು ತಾನಾಗಿ ಹುಟ್ಟಿಸುವ ಎಲ್‌ಎಲ್‌ಎಚ್‌ಟಿಟಿಪಿ ಬರೆದರು. 2019ರ ಏಪ್ರಿಲಿನ 12ನೇ ಆವೃತ್ತಿಯಲ್ಲಿ ಅದು ಹಳೆಯ ಪಾರ್ಸರಿನ ಜಾಗದಲ್ಲಿ ಕುಳಿತಿತು. ಈ ಬಾರಿಯೂ ಅಪ್ಲಿಕೇಶನ್ ಬರೆದವರಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಲ್ಲ.

ಪರರ ವೇಳಾಪಟ್ಟಿ

ವಿ8 ವಿಷಯದಲ್ಲಿ ಕಥೆ ಬೇರೆ. ಅದು ಕ್ರೋಮಿಗಾಗಿ ಬದುಕುವ ಎಂಜಿನ್. ಮೊದಲು ಸುಮಾರು ಆರು ವಾರಕ್ಕೊಮ್ಮೆ, 2021ರಿಂದ ನಾಲ್ಕು ವಾರಕ್ಕೊಮ್ಮೆ ಹೊಸ ಆವೃತ್ತಿ ಹೊರಬರುತ್ತದೆ, ಹಳೆಯದರ ಮೇಲೆ ಅದರ ತಂಡದ ಗಮನ ಬೇಗ ಮುಗಿಯುತ್ತದೆ. ಸರ್ವರ್ ನಡೆಸುವವರಿಗೆ ಬೇಕಿರುವುದು ಅದಕ್ಕೆ ವಿರುದ್ಧವಾದದ್ದು. ನೋಡ್‌ನ ದೀರ್ಘಾವಧಿ ಆವೃತ್ತಿಗಳಿಗೆ 30 ತಿಂಗಳ ಬೆಂಬಲದ ಪದ್ಧತಿಯಿದೆ. ಹಾಗಾಗಿ ಮೂಲದವರು ಕೈಬಿಟ್ಟ ವಿ8ಗೆ ಭದ್ರತಾ ತಿದ್ದುಪಡಿಗಳನ್ನು ಹಿಂದಕ್ಕೊಯ್ದು ಹಾಕುವ ಕೆಲಸ ನೋಡ್ ತಂಡದ ಹೆಗಲಿಗೇ ಬೀಳುತ್ತದೆ. ಲೈಬ್ರರಿ ಪುಕ್ಕಟೆಯಾಗಿ ಸಿಗುತ್ತದೆ, ಅದರ ವೇಳಾಪಟ್ಟಿಯೂ ಜೊತೆಗೇ ಬರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಬೆಸುಗೆಯದು. ಸಿ++ ಭಾಷೆಯಲ್ಲಿ ನೋಡ್‌ಗೆ ಹೆಚ್ಚುವರಿ ಮಾಡ್ಯೂಲ್ ಬರೆಯುವವರು ವಿ8ನ ಫಂಕ್ಷನ್ನುಗಳನ್ನು ನೇರವಾಗಿ ಕರೆಯಬೇಕಿತ್ತು, ನಡುವೆ ಪರದೆ ಇರಲಿಲ್ಲ. ವಿ8 ತನ್ನ ಫಂಕ್ಷನ್ನುಗಳ ರೂಪ ಬದಲಿಸಿದಾಗ ಆ ಮಾಡ್ಯೂಲುಗಳೆಲ್ಲ ಮುರಿದವು. 2013ರಲ್ಲಿ 'ನ್ಯಾನ್' ಎಂಬ ಹೆಸರಿನ ಹೊದಿಕೆ ಬಂದು ತಾತ್ಕಾಲಿಕ ಉಪಶಮನ ಕೊಟ್ಟಿತು. ಅತ್ತ ನೋಡ್‌ನ 2013ರ ಮಾರ್ಚಿನ 0.10 ಆವೃತ್ತಿಗೂ 2015ರ ಫೆಬ್ರುವರಿಯ 0.12 ಆವೃತ್ತಿಗೂ ನಡುವೆ ಸುಮಾರು ಎರಡು ವರ್ಷ ಉರುಳಿದವು. ಹಳೆಯ ವಿ8 ಮತ್ತು ಜಾಯೆಂಟ್ ಸಂಸ್ಥೆಯ ಆಡಳಿತ ಎರಡರ ಬಗೆಗೂ ಅಸಮಾಧಾನಗೊಂಡ ಮುಖ್ಯ ಕೊಡುಗೆದಾರರು 2014ರ ಡಿಸೆಂಬರಿನಲ್ಲಿ ಕವಲೊಡೆದು ಐಒ.ಜೆಎಸ್ ಹುಟ್ಟುಹಾಕಿದರು. ಮುಂದಿನ ಜನವರಿಯಲ್ಲೇ ಹೊಸ ವಿ8 ಜೊತೆ ಅದರ ಮೊದಲ ಆವೃತ್ತಿ ಬಂದಿತು. 2015ರ ಸೆಪ್ಟೆಂಬರಿನಲ್ಲಿ ಎರಡೂ ಕವಲುಗಳು ಸ್ವತಂತ್ರ ಪ್ರತಿಷ್ಠಾನವೊಂದರ ಅಡಿ ಕೂಡಿ 4.0 ಆವೃತ್ತಿಯಾದವು.

ವಿ8 ಬದಲಿಗೆ ಬೇರೆ ಎಂಜಿನ್ ಕೂರಿಸುವ ಪ್ರಯತ್ನವೂ ನಡೆಯಿತು. 2016ರಲ್ಲಿ ಮೈಕ್ರೋಸಾಫ್ಟ್ ತನ್ನ ಚಕ್ರ ಎಂಜಿನ್ನಿನ ಮೇಲೆ ನೋಡ್ ಓಡಿಸಿ ತೋರಿಸಿತು. ಅದಕ್ಕಾಗಿ ಚಕ್ರದ ಮೇಲೆ ವಿ8ನ ಫಂಕ್ಷನ್ನುಗಳನ್ನು ಅನುಕರಿಸುವ ದಪ್ಪ ಪದರವನ್ನೇ ಬರೆಯಬೇಕಾಯಿತು. ಮೈಕ್ರೋಸಾಫ್ಟಿನ ಬ್ರೌಸರ್ ಕ್ರೋಮಿಯಂ ಕಡೆಗೆ ಸರಿದ ಮೇಲೆ ಆ ಯೋಜನೆ ನಿಂತಿತು. 2017ರ 8ನೇ ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಬಂದ ಎನ್-ಎಪಿಐ ಕೊನೆಗೂ ಮಾಡ್ಯೂಲುಗಳಿಗೂ ವಿ8ಗೂ ನಡುವೆ ಪರದೆ ಎಳೆಯಿತು. ಎಂಟು ವರ್ಷ ತಡವಾಗಿ ಎಳೆದ ಪರದೆ ಅದು. ಅಷ್ಟರಲ್ಲಿ ವಿ8ನ ಗುರುತು ನೋಡ್‌ನ ಮೂಲೆಮೂಲೆಗೂ ಹರಡಿತ್ತು.

ದೋಷಕ್ಕೆ ಹೊಣೆ ಯಾರು

ಲೈಬ್ರರಿಯ ದೋಷ ಸರ್ವರಿನ ದೋಷವೇ ಆಗುತ್ತದೆ, ಬಳಸುವವರು ಭೇದ ಎಣಿಸುವುದಿಲ್ಲ. 2011ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ನಡೆದ ಕೇಯಾಸ್ ಕಮ್ಯೂನಿಕೇಷನ್ ಕಾಂಗ್ರೆಸ್ಸಿನಲ್ಲಿ ಇಬ್ಬರು ಸಂಶೋಧಕರು ಒಂದು ದಾಳಿಯನ್ನು ವಿವರಿಸಿದರು. ಪ್ರೋಗ್ರಾಮಿಂಗ್ ಭಾಷೆಗಳು ಹೆಸರು-ಬೆಲೆ ಜೋಡಿಗಳನ್ನು ಹ್ಯಾಶ್ ಕೋಷ್ಟಕದಲ್ಲಿ ಇಡುತ್ತವೆ. ಎಲ್ಲವೂ ಒಂದೇ ಅಂಕಣಕ್ಕೆ ಬೀಳುವಂತೆ ಹೆಸರುಗಳನ್ನು ಆರಿಸಿ ಕಳಿಸಿದರೆ ಸಣ್ಣ ಕೋರಿಕೆಯೊಂದೇ ಪ್ರೊಸೆಸರನ್ನು ಹೊತ್ತುಗಟ್ಟಲೆ ಹಿಡಿದಿಡಬಲ್ಲದು. ಪಿಎಚ್‌ಪಿ, ಜಾವಾ, ಪೈಥಾನ್, ರೂಬಿಗಳ ಜೊತೆ ವಿ8 ಕೂಡ ಈ ಪಟ್ಟಿಯಲ್ಲಿತ್ತು. ಬ್ರೌಸರಿನಲ್ಲಿ ಇದು ಅಷ್ಟೇನೂ ಭೀಕರವಲ್ಲ, ಬಳಕೆದಾರನ ಒಂದು ಟ್ಯಾಬ್ ನಿಂತೀತು. ಸರ್ವರಿನಲ್ಲಿ ಎಲ್ಲರೂ ನಿಲ್ಲುತ್ತಾರೆ. ಹ್ಯಾಶ್ ಲೆಕ್ಕಕ್ಕೆ ಯಾದೃಚ್ಛಿಕ ಬೀಜಸಂಖ್ಯೆ ಸೇರಿಸುವ ಪರಿಹಾರ 2012ರ ಜನವರಿಯಲ್ಲಿ ನೋಡ್‌ಗೆ ಬಂದಿತು.

ಅದೇ ರಂಧ್ರ ಐದು ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಂಡಿತು. ವಿ8 ಬೇಗ ಏಳಲೆಂದು ಅದರ ಆರಂಭಿಕ ಸ್ಥಿತಿಯ ಸ್ನ್ಯಾಪ್‌ಶಾಟನ್ನು ಮೊದಲೇ ತೆಗೆದಿಡುವ ಸೌಲಭ್ಯವಿದೆ. ಆ ಸ್ನ್ಯಾಪ್‌ಶಾಟಿನಲ್ಲಿ ಬೀಜಸಂಖ್ಯೆಯೂ ಅಡಗಿ ಕುಳಿತಿತ್ತು. ಪ್ರೋಗ್ರಾಂ ಏಳುವಾಗ ಹೊಸದಾಗಿ ಆರಿಸಿದ ಸಂಖ್ಯೆಯನ್ನು ಅದು ಅಳಿಸಿಹಾಕುತ್ತಿತ್ತು. ಹೀಗಾಗಿ ನೋಡ್‌ನ ಒಂದು ಆವೃತ್ತಿಯನ್ನು ಓಡಿಸುವ ಎಲ್ಲ ಸರ್ವರುಗಳಿಗೂ ಒಂದೇ ಬೀಜಸಂಖ್ಯೆ! 2017ರ ಜುಲೈಯಲ್ಲಿ ತುರ್ತಾಗಿ ತಿದ್ದಬೇಕಾಯಿತು. ಬಿಡಿಬಿಡಿಯಾಗಿ ಸರಿಯಿದ್ದ ಎರಡು ಸೌಲಭ್ಯಗಳು ಕೂಡಿದಾಗ ಹುಟ್ಟಿದ ದೋಷ ಇದು. ಇಂಥವು ಲೈಬ್ರರಿಯ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಜೋಡಣೆಯಾದ ಇಡೀ ಸರ್ವರನ್ನೇ ಪರೀಕ್ಷಿಸಬೇಕು.

ಓಪನ್‌ಎಸ್‌ಎಸ್‌ಎಲ್ ಸಂಬಂಧವೂ ಹೀಗೇ ಬಿಗಿ. ಅದರ 3.0 ಆವೃತ್ತಿ 2021ರ ಸೆಪ್ಟೆಂಬರಿನಲ್ಲಿ ಬಂದು ಹಳೆಯ, ದುರ್ಬಲ ಕ್ರಮವಿಧಿಗಳನ್ನು ಬದಿಗೆ ಸರಿಸಿತು. ಮುಂದಿನ ತಿಂಗಳು ನೋಡ್ 17 ಅದನ್ನು ಅಳವಡಿಸಿಕೊಂಡಾಗ, ಭದ್ರತೆಗೆ ಸಂಬಂಧವಿಲ್ಲದ ಕೆಲಸಕ್ಕೆ ಎಂಡಿ4 ಎಂಬ ಹಳೆಯ ವಿಧಾನ ಬಳಸುತ್ತಿದ್ದ, ಜಾವಾಸ್ಕ್ರಿಪ್ಟ್ ಕಡತಗಳನ್ನು ಕಟ್ಟಿಕೊಡುವ ವೆಬ್‌ಪ್ಯಾಕ್ ಎಂಬ ಉಪಕರಣ ಏಕಾಏಕಿ ನಿಂತುಹೋಯಿತು. 16ನೇ ಆವೃತ್ತಿಗೆ 2024ರ ಏಪ್ರಿಲ್‌ವರೆಗೆ ಬೆಂಬಲ ಎಂದು ಮೊದಲು ಹೇಳಲಾಗಿತ್ತು. ಅದರಲ್ಲಿದ್ದ ಓಪನ್‌ಎಸ್‌ಎಸ್‌ಎಲ್ 1.1.1ರ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿಯುತ್ತಿದ್ದರಿಂದ ನೋಡ್ 16 ಕೂಡ ಅದೇ ದಿನ ನಿವೃತ್ತಿಯಾಯಿತು. ಒಂದು ಲೈಬ್ರರಿಯ ಕೊನೆಯ ದಿನ ಇಡೀ ಸರ್ವರಿನ ಕೊನೆಯ ದಿನವಾದದ್ದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಕಿಲ್ಲ.

ಪರವಾನಗಿಯ ಲೆಕ್ಕ

ಮುಕ್ತ ತಂತ್ರಾಂಶ ಎಂದಮಾತ್ರಕ್ಕೆ ಯಾವುದನ್ನು ಯಾವುದರ ಜೊತೆಗಾದರೂ ಸೇರಿಸಬಹುದು ಎಂದಲ್ಲ. ವಿ8 ಬಿಎಸ್‌ಡಿ ಪರವಾನಗಿಯಲ್ಲಿದೆ, ಲಿಬ್‌ಯುವಿ ಮತ್ತು ನೋಡ್ ಎಂಐಟಿಯಲ್ಲಿ. ಇವು ಉದಾರವಾದವು: ಮೂಲ ಲೇಖಕರ ಹಕ್ಕುಸೂಚನೆಯನ್ನು ಉಳಿಸಿಕೊಂಡರೆ ಸಾಕು. ಆದ್ದರಿಂದಲೇ ನೋಡ್ ಜೊತೆ ಬರುವ ಪರವಾನಗಿ ಕಡತ ಬಹಳ ಉದ್ದ, ಸೇರಿಸಿಕೊಂಡ ಒಂದೊಂದು ಲೈಬ್ರರಿಯ ಸೂಚನೆಯೂ ಅದರಲ್ಲಿದೆ. ಜಿಪಿಎಲ್ ಬೇರೆ ಬಗೆಯದು. ಅದರ ಅಡಿಯ ಲೈಬ್ರರಿಯನ್ನು ಸೇರಿಸಿ ಹಂಚಿದರೆ ಇಡೀ ಕೃತಿಯನ್ನು ಅದೇ ಷರತ್ತಿನಲ್ಲಿ ಕೊಡಬೇಕು. ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಪರವಾನಗಿಯಲ್ಲಿ ಜಾಹೀರಾತುಗಳಲ್ಲಿ ಹೆಸರು ಹೇಳಬೇಕೆಂಬ ಷರತ್ತಿದ್ದು ಜಿಪಿಎಲ್ ಜೊತೆ ಅದು ಹೊಂದುತ್ತಿರಲಿಲ್ಲ. 3.0 ಆವೃತ್ತಿಯಿಂದ ಅದು ಅಪಾಚೆ 2.0 ಪರವಾನಗಿಗೆ ಬದಲಾಗಿದೆ. ಸರ್ವರ್ ಕಟ್ಟಲು ಹೊರಡುವವರು ಮೊದಲ ಸಾಲು ಬರೆಯುವ ಮುನ್ನವೇ ಈ ಪಟ್ಟಿ ಸಿದ್ಧಪಡಿಸಿಕೊಳ್ಳುವುದು ಲೇಸು.

ಜಾವಾ ಹಿಡಿದ ದಾರಿ

ತುಂಡುಗಳನ್ನು ಬೆಸೆಯುವ ಇನ್ನೊಂದು ಪದ್ಧತಿ ಜಾವಾ ಜಗತ್ತಿನದು. ಅಲ್ಲಿ ಬೆಸುಗೆಯ ರೂಪವನ್ನು ಸರ್ವರ್ ಬರೆಯುವವರ ಬದಲು ಸಾರ್ವಜನಿಕ ನಿರ್ದಿಷ್ಟತೆ ಮೊದಲೇ ಗೊತ್ತುಪಡಿಸಿರುತ್ತದೆ. ಕೋರಿಕೆಯನ್ನು ಅಪ್ಲಿಕೇಶನ್ನಿಗೆ ಮುಟ್ಟಿಸುವ ಕ್ರಮಕ್ಕೆ ಸರ್ವ್ಲೆಟ್, ಡೇಟಾಬೇಸ್ ಜೋಡಣೆಗೆ ಜೆಪಿಎ ಹೀಗೆ ಒಂದೊಂದಕ್ಕೂ ಕರಾರಿದೆ. ಅಪಾಚೆ ಪ್ರತಿಷ್ಠಾನ 2003ರಲ್ಲಿ ಶುರು ಮಾಡಿದ ಜೆರೊನಿಮೊ ಈ ಕರಾರುಗಳನ್ನು ಪೂರೈಸುವ ಮುಕ್ತ ಲೈಬ್ರರಿಗಳನ್ನು ಒಟ್ಟುಗೂಡಿಸಿತು. ಕರಾರು ಒಂದೇ ಆಗಿದ್ದರಿಂದ ಸರ್ವ್ಲೆಟ್ ಓಡಿಸುವ ಭಾಗವಾಗಿ ಟಾಮ್‌ಕ್ಯಾಟ್ ಇರುವ ರೂಪ, ಜೆಟ್ಟಿ ಇರುವ ರೂಪ ಎಂದು ಎರಡು ಬಗೆಯಲ್ಲಿ ಅದು ಸಿಗುತ್ತಿತ್ತು. 2011ರಲ್ಲಿ ಜಾವಾ ಇಇ 6 ವೆಬ್ ಪ್ರೊಫೈಲ್ ಪ್ರಮಾಣಪತ್ರ ಪಡೆದ ಟಾಮ್‌ಇಇ ಇನ್ನೂ ಸರಳ ದಾರಿ ಹಿಡಿಯಿತು: ಜನಪ್ರಿಯವಾಗಿದ್ದ ಟಾಮ್‌ಕ್ಯಾಟನ್ನು ಹಾಗೆಯೇ ಇಟ್ಟು, ಓಪನ್‌ಇಜೆಬಿ, ಓಪನ್‌ಜೆಪಿಎ, ಮೈಫೇಸಸ್, ಓಪನ್‌ವೆಬ್‌ಬೀನ್ಸ್ ಎಂಬ ಲೈಬ್ರರಿಗಳನ್ನು ಅದಕ್ಕೆ ಜೋಡಿಸಿತು. ನಿರ್ದಿಷ್ಟತೆಯ ದಾರಿಯಲ್ಲಿ ತುಂಡು ಬದಲಿಸುವುದು ಹಗುರ. ಆದರೆ ಹೊಸ ಬಗೆಯ ಆಲೋಚನೆ ಕರಾರಿನೊಳಗೆ ಬರುವವರೆಗೆ ಕಾಯಬೇಕು. ನೋಡ್‌ಗೆ ಕರಾರಿನ ಆಸರೆ ಇರಲಿಲ್ಲ, ಕಾಯುವ ಅಗತ್ಯವೂ ಇರಲಿಲ್ಲ.

ಕಟ್ಟಿದವರದ್ದು ಯಾವುದು

2018ರ ಜೂನಿನಲ್ಲಿ ಡಾಲ್ ಅದೇ ಬರ್ಲಿನ್ ಸಮಾವೇಶಕ್ಕೆ ಮರಳಿ ನೋಡ್ ವಿನ್ಯಾಸದ ಕೊರತೆಗಳನ್ನು ಪಟ್ಟಿಮಾಡಿ ಡೆನೊ ಎಂಬ ಹೊಸ ಯೋಜನೆ ಪ್ರಕಟಿಸಿದರು. ಅದರಲ್ಲೂ ವಿ8 ಉಂಟು, ಲೂಪಿಗೆ ಮಾತ್ರ ರಸ್ಟ್ ಭಾಷೆಯ ಟೋಕಿಯೊ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ 1.0 ಆವೃತ್ತಿ ಕಂಡ ಬನ್ ಎಂಬ ಮತ್ತೊಂದು ಸರ್ವರ್ ವಿ8 ಅನ್ನೂ ಬಿಟ್ಟು ಸಫಾರಿ ಬ್ರೌಸರಿನ ಜಾವಾಸ್ಕ್ರಿಪ್ಟ್‌ಕೋರ್ ಎಂಜಿನ್ ಹಿಡಿದಿದೆ. ಒಳಗಿನ ಲೈಬ್ರರಿಗಳು ಇಷ್ಟು ಬೇರೆಯಾದರೂ ಎರಡೂ ನೋಡ್‌ನ 'ಕ್ರಿಯೇಟ್‌ಸರ್ವರ್', ಬಫರ್, ಸ್ಟ್ರೀಮುಗಳನ್ನು ಹಾಗೆಯೇ ಅನುಕರಿಸುತ್ತವೆ. ಅದರ ಮೇಲೆ ಬರೆದ ಅಪ್ಲಿಕೇಶನ್ನುಗಳು, 2010ರಲ್ಲಿ ಶುರುವಾದ ಎನ್‌ಪಿಎಂ ಭಂಡಾರದ ಪ್ಯಾಕೇಜುಗಳು ಓಡಬೇಕೆಂದರೆ ಬೇರೆ ದಾರಿಯಿಲ್ಲ. ನೋಡ್ ತಂಡ ತನ್ನದೆಂದು ಹೇಳಿಕೊಳ್ಳಬಹುದಾದದ್ದು ಈ ಮುಖವೇ, ಜೊತೆಗೆ ಅದರ ಹಿಂದಿನ ಬೆಸುಗೆ.

ಹೊಸದಾಗಿ ಸರ್ವರ್ ಕಟ್ಟುವವರು ಲೈಬ್ರರಿಯನ್ನು ತೂಗಿ ನೋಡಲು ಬೇಕಾದ ಪ್ರಶ್ನೆಗಳೂ ಈ ಚರಿತ್ರೆಯಿಂದಲೇ ಹೊರಡುತ್ತವೆ. ಅದು ಎಲ್ಲಿಯಾದರೂ ಕಾಯುತ್ತದೆಯೇ? ಮೆಮೊರಿಯನ್ನೂ ಸಾಕೆಟ್ಟನ್ನೂ ತನ್ನ ಕೈಯಲ್ಲೇ ಇರಿಸಿಕೊಳ್ಳಬೇಕೆಂದು ಹಟ ಹಿಡಿಯುತ್ತದೆಯೇ? ಅದರ ಬೆಂಬಲ ಎಲ್ಲಿಯವರೆಗೆ, ಯಾರ ಅಗತ್ಯಕ್ಕೆ ತಕ್ಕಂತೆ ಅದು ಬದಲಾಗುತ್ತದೆ? ಪರವಾನಗಿ ಹೊಂದುತ್ತದೆಯೇ? ಇವೆಲ್ಲಕ್ಕೂ ತೃಪ್ತಿಕರ ಉತ್ತರ ಸಿಕ್ಕ ಮೇಲೂ ಒಂದು ಎಚ್ಚರ ಬೇಕು. ಆ ಲೈಬ್ರರಿಯ ಹೆಸರಾಗಲಿ, ಅದರ ಫಂಕ್ಷನ್ನುಗಳ ರೂಪವಾಗಲಿ ಅಪ್ಲಿಕೇಶನ್ ಬರೆಯುವವರ ಕಣ್ಣಿಗೆ ಬೀಳದಂತೆ ಮೊದಲ ದಿನದಿಂದಲೇ ಪರದೆ ಇರಬೇಕು. ಲಿಬ್‌ಇವಿ ಮತ್ತು ಹಳೆಯ ಪಾರ್ಸರಿಗೆ ಆ ಪರದೆ ಇತ್ತು, ಅವು ಹೋದದ್ದು ಹೆಚ್ಚಿನವರಿಗೆ ತಿಳಿಯಲಿಲ್ಲ. ವಿ8ಗೆ ಇರಲಿಲ್ಲ, ಅದರ ಬೆಲೆಯನ್ನು ನೋಡ್ ತಂಡ ಈಗಲೂ ತೆರುತ್ತಿದೆ.